ಕಾಲು ಅಳೆದು ತಲೆಗೆ ಕಟ್ಟಿದರು: ಗ್ರಾಹಕರ ವ್ಯವಹಾರಗಳ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಸಚಿವರಿಗೆ,

ನಮಸ್ಕಾರ.

ನಿಮ್ಮ ಖಾತೆಯ ಹೆಸರಿನಲ್ಲಿ ಮೊದಲು ಬರುವುದು ಆಹಾರ. ಪೇಪರಿನಲ್ಲಿ ಬರುವುದೂ ಅಕ್ಕಿ, ಪಡಿತರ ಚೀಟಿಯ ಸುದ್ದಿಯೇ. ಸರಿಯೇ ಬಿಡಿ, ಹೊಟ್ಟೆಯ ವಿಷಯ ಮೊದಲು. ನಾನು ಬರೆಯುತ್ತಿರುವುದು ಆ ಹೆಸರಿನ ಬಾಲದಲ್ಲಿರುವ ಗ್ರಾಹಕರ ಬಗ್ಗೆ. ಅದೂ ಒಂದು ಜೊತೆ ಶೂ ವಿಷಯ. ದಯವಿಟ್ಟು ನಗಬೇಡಿ.

ನಾನು ಮೈಸೂರಿನವಳು, ವಯಸ್ಸು 52. ಶುಗರ್ ಬಂತು ಅಂತ ಡಾಕ್ಟರ್ ಬೈದ ಮೇಲೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ನಡಿಗೆ ಶುರುವಾಯಿತು. ಹೆಜ್ಜಾರ್ಲೆಗಳನ್ನು ನೋಡುತ್ತಾ ನಡೆಯುತ್ತಿದ್ದವಳು ಒಂದು ದಿನ ಸುಮ್ನೆ ಓಡಿ ನೋಡಿದೆ. ಚೆನ್ನಾಗಿತ್ತು. ಬೆಂಗಳೂರಿನಲ್ಲಿರುವ ಮಗಳು, "ಅಮ್ಮಾ, ಆ ಹಳೇ ಕ್ಯಾನ್ವಾಸ್ ಶೂ ಬಿಸಾಕು, ಸರಿಯಾದ ಅಂಗಡಿಗೆ ಕರ್ಕೊಂಡು ಹೋಗ್ತೀನಿ" ಅಂದಳು.

ಅಂಗಡಿ ಬರೀ ಓಡುವವರಿಗೆ ಅಂತಲೇ ಇರುವುದು. ಅಲ್ಲಿನ ಹುಡುಗ ನನ್ನನ್ನು ಟ್ರೆಡ್‌ಮಿಲ್ ಮೇಲೆ ಹತ್ತಿಸಿದ. ಹಿಮ್ಮಡಿಯ ಹಿಂದೆ ಕ್ಯಾಮೆರಾ ಇಟ್ಟ. ಒಂದು ನಿಮಿಷ ಓಡಿದ ಮೇಲೆ ನನ್ನ ಕಾಲನ್ನೇ ಪರದೆ ಮೇಲೆ ನಿಧಾನವಾಗಿ ಓಡಿಸಿ, ಕೆಂಪು ಗೆರೆ ಎಳೆದು ತೋರಿಸಿದ. "ನೋಡಿ ಆಂಟಿ, ನಿಮ್ಮ ಪಾದ ಒಳಗಡೆ ವಾಲುತ್ತೆ. ನಿಮಗೆ ಸಾದಾ ಶೂ ಆಗಲ್ಲ, ಸಪೋರ್ಟ್ ಇರೋದೇ ಬೇಕು." ನಾನು ಕೈಯಲ್ಲಿ ಹಿಡಿದಿದ್ದ ಬೂದು ಬಣ್ಣದ ಶೂವನ್ನು ಅವನೇ ತೆಗೆದುಕೊಂಡು ಮತ್ತೆ ಕಪಾಟಿನಲ್ಲಿಟ್ಟ. ನಾನು ಎಲ್ಲ ಹೇಳಿದ್ದೆ: ಓಡುವುದು ಕೆರೆ ಏರಿಯ ಮಣ್ಣು ದಾರಿ, ವಾರಕ್ಕೆ ನಾಲ್ಕು ದಿನ, ಮುಂಗಾಲು ಸ್ವಲ್ಪ ಅಗಲ, ಶುಗರ್ ಇದೆ. ಅವನು ಆರಿಸಿಕೊಟ್ಟದ್ದು 8,999 ರೂಪಾಯಿಯದು. ನನ್ನ ಜೀವಮಾನದಲ್ಲೇ ಅಷ್ಟು ದುಡ್ಡನ್ನು ಕಾಲಿಗೆ ಹಾಕಿರಲಿಲ್ಲ. ಆದರೆ ಕೆಂಪು ಗೆರೆ ನೋಡಿದ ಮೇಲೆ ಬೇಡ ಅನ್ನುವ ಧೈರ್ಯ ಯಾರಿಗಿರುತ್ತೆ?

ಮೂರನೇ ಓಟಕ್ಕೆ ಬಲಗಾಲಿನ ಹೆಬ್ಬೆರಳ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಪಾದದ ಒಳಗಡೆ, ಕಮಾನು ಇರುವ ಕಡೆ, ಕಲ್ಲು ಒತ್ತಿದ ಹಾಗೆ ನೋವು. ಫಿಸಿಯೋಥೆರಪಿ ಮಾಡುವವರು ಶೂ ಕೈಗೆ ತೆಗೆದುಕೊಂಡು ಒಳಬದಿಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಒಂದು ಬದಿ ಬನ್ನಿನ ಹಾಗೆ ಮೆತ್ತಗೆ, ಇನ್ನೊಂದು ಬದಿ ರಸ್ಕಿನ ಹಾಗೆ ಗಟ್ಟಿ. "ಇದು ನಿಮ್ಮ ಕಾಲನ್ನು ಹೊರಗೆ ತಳ್ಳುತ್ತಿದೆ. ನಿಮಗೆ ಇದು ಬೇಕಾಗಿಲ್ಲ" ಅಂದರು. ಶುಗರ್ ಇರುವವರಿಗೆ ಕಾಲಿನ ಸಣ್ಣ ಗಾಯವೂ ಸಣ್ಣದಲ್ಲ ಅನ್ನುವುದು ನಿಮಗೆ ಗೊತ್ತಿರುತ್ತೆ.

ಕೊಂಡ ಒಂಬತ್ತನೇ ದಿನ ಡಬ್ಬಿ, ಬಿಲ್ಲು, ಶೂ ಹಿಡಿದುಕೊಂಡು ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆ. ಕೌಂಟರಿನಲ್ಲಿದ್ದವರು ಕೇಳಿದ್ದು ಎರಡೇ ಪ್ರಶ್ನೆ. ಸೋಲ್ ಬಿಟ್ಟಿದೆಯಾ? ಹೊಲಿಗೆ ಹೋಗಿದೆಯಾ? ಎರಡೂ ಇಲ್ಲ. ಹಾಗಾದರೆ ಶೂನಲ್ಲಿ ದೋಷ ಇಲ್ಲ, ವಾಪಸ್ ಇಲ್ಲ, ಬದಲಿಯೂ ಇಲ್ಲ. ಬಿಲ್ಲಿನ ತುದಿಯಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ ತೋರಿಸಿದರು: ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. "ಇದೇ ಬೇಕು ಅಂತ ಹೇಳಿದ್ದು ನಿಮ್ಮವರೇ ಅಲ್ವಾ?" ಅಂದೆ. "ಅದು ಸಜೆಷನ್ ಅಷ್ಟೇ ಮೇಡಂ." ಕೊಳ್ಳುವಾಗ ಆಂಟಿ ಆಗಿದ್ದವಳು ವಾಪಸ್ ಕೊಡುವಾಗ ಮೇಡಂ ಆಗಿದ್ದೆ.

ನನ್ನ ತಕರಾರು ಇರುವುದು ಈ "ಸಜೆಷನ್ ಅಷ್ಟೇ" ಎಂಬ ಮಾತಿನ ಮೇಲೆ. ಶೂ ಮಾರುವ ತನಕ ಅದು ಪರೀಕ್ಷೆ, ವಿಜ್ಞಾನ, ಕ್ಯಾಮೆರಾ. ದುಡ್ಡು ಕೊಟ್ಟ ಮೇಲೆ ಬರೀ ಮಾತು. ಬಿಲ್ಲಿನಲ್ಲಿ ಅದರ ಸುಳಿವೇ ಇಲ್ಲ. ಬಣ್ಣ, ಸೈಜು, ಬೆಲೆ, ತೆರಿಗೆ ಎಲ್ಲ ಇದೆ. (ಆ 8,999ರಲ್ಲಿ ಶೇ. 18ರ ಜಿಎಸ್‌ಟಿಯೇ 1,372 ರೂಪಾಯಿ ಚಿಲ್ಲರೆ. ಅಂದರೆ ಈ ವ್ಯಾಪಾರದಲ್ಲಿ ಸರ್ಕಾರಕ್ಕೂ ಪಾಲಿದೆ.)

ಮನೆಗೆ ಬಂದು ಕಾನೂನು ಓದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ತೆಗೆದುಕೊಳ್ಳದಿದ್ದರೆ ಅದು ಅನುಚಿತ ವ್ಯಾಪಾರ. ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ 30 ದಿನ. ಇಲ್ಲಿ "ದೋಷ" ಅಂದರೆ ಬರೀ ಸೋಲ್ ಬಿಡುವುದಲ್ಲ. ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ ಸರಕಿನಲ್ಲಿ ಇಲ್ಲದಿದ್ದರೂ ಅದು ದೋಷವೇ ಅನ್ನುತ್ತೆ ಕಾಯ್ದೆ. ಬಾಯಿಮಾತಿನಲ್ಲಿ ಹೇಳಿದ್ದೂ ಹೇಳಿಕೊಂಡದ್ದೇ ಅಲ್ವಾ?

ಇದಕ್ಕಿಂತ ಹಳೆಯದು 1930ರ ಸರಕು ಮಾರಾಟ ಕಾಯ್ದೆ. ಅದರ 16ನೇ ಕಲಮನ್ನು ಓದಿದಾಗ ಯಾರೋ ನನ್ನ ಪಕ್ಕ ಕೂತು ಬರೆದ ಹಾಗಿತ್ತು. ಕೊಳ್ಳುವವನು ಸರಕು ಯಾವ ಕೆಲಸಕ್ಕೆ ಬೇಕು ಅಂತ ತಿಳಿಸಿ, ಮಾರುವವನ ಜಾಣ್ಮೆಯನ್ನು ನಂಬಿ ಕೊಂಡರೆ, ಆ ಸರಕು ಆ ಕೆಲಸಕ್ಕೆ ತಕ್ಕಮಟ್ಟಿಗೆ ಒದಗಬೇಕು. ಬಾಯಿಬಿಟ್ಟು ಹೇಳದಿದ್ದರೂ ಇದು ವ್ಯಾಪಾರದ ಷರತ್ತು. ಒಂದು ವಿನಾಯಿತಿ ಇದೆ: ಇಂಥದ್ದೇ ಬ್ರ್ಯಾಂಡಿನ ಇಂಥದ್ದೇ ಮಾಲು ಅಂತ ನಾನೇ ಹೆಸರು ಹಿಡಿದು ಕೇಳಿ ಕೊಂಡಿದ್ದರೆ ಈ ಷರತ್ತು ಅನ್ವಯಿಸುವುದಿಲ್ಲ. ನ್ಯಾಯವೇ. ಆದರೆ ನಾನು ಹೆಸರು ಹಿಡಿದದ್ದು ಬೂದು ಬಣ್ಣದ್ದನ್ನು. ಅದನ್ನು ಕಪಾಟಿಗೆ ಮರಳಿಸಿದ್ದು ಅಂಗಡಿಯವರು.

ಬ್ರಿಟನ್‌ನಲ್ಲಿ ಇದೇ ತತ್ವವನ್ನು 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ ಹೊಸದಾಗಿ ಬರೆದು, ಹೇಳಿದ ಕೆಲಸಕ್ಕೆ ಒದಗದ ಸರಕನ್ನು 30 ದಿನದೊಳಗೆ ತಿರಸ್ಕರಿಸುವ ಹಕ್ಕು ಕೊಟ್ಟಿದ್ದಾರೆ. ನಮ್ಮಲ್ಲೂ ಆನ್‌ಲೈನ್‌ನಲ್ಲಿ ಕೊಂಡವರಿಗೆ 2020ರ ಇ-ಕಾಮರ್ಸ್ ನಿಯಮಗಳಿವೆ. ಜಾಹೀರಾತಿನಲ್ಲಿ ಹೇಳಿದಂತೆ ಅಥವಾ ಒಪ್ಪಿಕೊಂಡಂತೆ ಇಲ್ಲದ ಮಾಲನ್ನು ಮಾರಾಟಗಾರ ವಾಪಸ್ ತೆಗೆದುಕೊಳ್ಳಲೇಬೇಕು. ಅಂದರೆ ಹಾಸಿಗೆ ಮೇಲೆ ಬಿದ್ದುಕೊಂಡು ಫೋನ್ ಒತ್ತಿದವರಿಗೆ ಹಕ್ಕು ಸ್ಪಷ್ಟ. ಬಸ್ಸು ಹತ್ತಿ ಹೋಗಿ, ಟ್ರೆಡ್‌ಮಿಲ್ ಹತ್ತಿ ಓಡಿ ಕೊಂಡವಳು ಮಾತ್ರ "ದೋಷ" ಅಂದರೇನು ಅಂತ ವಾದ ಮಾಡುತ್ತಾ ನಿಲ್ಲಬೇಕು.

ಇನ್ನು ಆ ಕೆಂಪು ಗೆರೆ. 2009-10ರ ಸುಮಾರಿಗೆ ಅಮೆರಿಕದ ಭೂಸೇನೆ, ವಾಯುಪಡೆ, ಮೆರೀನ್ ಪಡೆಗಳಲ್ಲಿ ಹೊಸದಾಗಿ ಸೇರಿದವರ ಮೇಲೆ ಅಧ್ಯಯನ ನಡೆಸಿದರು. ಒಂದು ಗುಂಪಿಗೆ ಪಾದದ ಆಕಾರ ನೋಡಿ ಶೂ ಕೊಟ್ಟರು. ಇನ್ನೊಂದು ಗುಂಪಿಗೆ ನೋಡದೆ ಒಂದೇ ಥರದ ಶೂ. ಗಾಯಗಳ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನಮ್ಮಲ್ಲಿ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಲಕ್ಷಕ್ಕೂ ಜಾಸ್ತಿ ಜನರ ಪಾದ ಅಳೆದು, ಭಾರತೀಯರ ಪಾದ ಅಗಲ, ವಿದೇಶಿ ಸೈಜು ನಮಗೆ ಸರಿಹೊಂದುವುದಿಲ್ಲ ಅಂತ ಹೇಳಿ "ಭ" ಎಂಬ ಹೊಸ ಅಳತೆ ಸೂಚಿಸಿದೆ. ನಮ್ಮ ದೇವರಾಜ ಮಾರುಕಟ್ಟೆಯ ಕಡೆಯ ಚಪ್ಪಲಿ ಅಂಗಡಿಯ ಯಜಮಾನರಿಗೆ ಇದು ಯಾವಾಗಲೋ ಗೊತ್ತಿತ್ತು. "ಎರಡು ದಿನ ಮನೆಯೊಳಗೆ ಹಾಕಿ ನೋಡಮ್ಮ, ಕಚ್ಚಿದ್ರೆ ತಗೊಂಡ್ ಬಾ" ಅನ್ನುತ್ತಿದ್ದರು. ಅವರ ಹತ್ತಿರ ಕ್ಯಾಮೆರಾ ಇರಲಿಲ್ಲ. ಕೊಟ್ಟ ಮಾತಿಗೆ ನಿಲ್ಲುತ್ತಿದ್ದರು.

ಅಂಗಡಿಯವರ ಕಷ್ಟವೂ ನನಗೆ ಅರ್ಥವಾಗುತ್ತೆ. ಹಾಕಿ ಓಡಿದ ಶೂವನ್ನು ಮತ್ತೆ ಹೊಸದು ಅಂತ ಮಾರಲಿಕ್ಕಾಗುವುದಿಲ್ಲ. ಮ್ಯಾರಥಾನ್ ಓಡಿ ಮುಗಿಸಿ ಸೋಮವಾರ ವಾಪಸ್ ತರುವ ಜಾಣರೂ ಇರುತ್ತಾರೆ. ಬಣ್ಣ ನೋಡಿ ತಾವೇ ಆರಿಸಿಕೊಂಡವರಿಗೆ ಪೂರ್ತಿ ಹಣ ಕೊಡಿ ಅಂತ ನಾನು ಕೇಳುತ್ತಿಲ್ಲ. ಆದರೆ ಅಳೆದು, ಪರೀಕ್ಷಿಸಿ, ಇದೇ ಸರಿ ಅಂತ ಹೇಳಿ ಮಾರಿದವರು ಒಂದಿಷ್ಟು ದಿನ ಆ ಮಾತಿನ ಹೊಣೆ ಹೊರಲಿ. ಹಣ ಕೊಡಲು ಮನಸ್ಸಿಲ್ಲದಿದ್ದರೆ ಬೇರೆ ಜೊತೆಯಾದರೂ ಕೊಡಲಿ. ನನಗೆ ಅವತ್ತು ಆ ಬೂದು ಬಣ್ಣದ್ದೇ ಸಾಕಾಗಿತ್ತು.

ಸಚಿವರೇ, ಇದು ಕೇಂದ್ರದ ಕಾಯ್ದೆ, ನಮ್ಮ ಕೈಯಲ್ಲೇನಿದೆ ಅಂತ ನಿಮ್ಮ ಕಚೇರಿಯಿಂದ ಉತ್ತರ ಬರಬಹುದು. ಅದೇ ಕಾಯ್ದೆಯ ಪ್ರಕಾರ ರಾಜ್ಯ ಗ್ರಾಹಕ ಸಂರಕ್ಷಣಾ ಪರಿಷತ್ತಿಗೆ ಅಧ್ಯಕ್ಷರು ನೀವೇ. ವರ್ಷಕ್ಕೆ ಕನಿಷ್ಠ ಎರಡು ಸಭೆ ಆಗಬೇಕು. ಮುಂದಿನ ಸಭೆಯಲ್ಲಿ ಈ ವಿಷಯ ಇಡಿ: ಅಂಗಡಿಯವರು ಪರೀಕ್ಷೆ ಮಾಡಿ ಶೂ ಆರಿಸಿಕೊಟ್ಟರೆ, ಯಾವ ಬಳಕೆಗೆ ಅಂತ ಬಿಲ್ಲಿನಲ್ಲಿ ಒಂದು ಸಾಲು ಬರೆಯಲಿ, ಕನ್ನಡದಲ್ಲಿ. "ಓಟಕ್ಕೆ, ಮಣ್ಣು ದಾರಿ, ಅಂಗಡಿಯ ಆಯ್ಕೆ" ಅಂತ ನಾಲ್ಕೈದು ಪದ ಸಾಕು. ಅನುಚಿತ ವ್ಯಾಪಾರದ ದೂರುಗಳನ್ನು ವಿಚಾರಿಸುವ ಅಧಿಕಾರ ಜಿಲ್ಲಾಧಿಕಾರಿಗಳಿಗೂ ಇದೆ. "ವಾಪಸ್ ಇಲ್ಲ" ಎಂಬ ಸಾಲು ಅಚ್ಚು ಹಾಕಿಸುವ ಅಂಗಡಿಗಳ ಕಡೆ ಅವರು ಒಮ್ಮೆ ಕಣ್ಣು ಹಾಯಿಸುವಂತೆ ಹೇಳಿ. ಪಕ್ಕದ ಕೇರಳದಲ್ಲಿ ಎರ್ನಾಕುಲಂ ಜಿಲ್ಲಾ ಗ್ರಾಹಕ ಆಯೋಗವೇ ಇಂಥ ಬರಹ ಕಾನೂನುಬಾಹಿರ ಅಂತ ಹೇಳಿದೆ. ದೋಷವಿರುವ ಮಾಲಿನ ಮಟ್ಟಿಗಂತೂ ಆ ಸಾಲಿಗೆ ಬೆಲೆಯೇ ಇಲ್ಲ. ಆದರೂ ಅದನ್ನು ನೋಡಿ ನನ್ನಂಥವರು ಸುಮ್ಮನೆ ಮನೆಗೆ ಹೋಗುತ್ತಾರೆ.

ನಾನು ಸುಮ್ಮನಿರುವವಳಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ಕನ್ನಡದಲ್ಲೇ ಮಾತಾಡಿದರು. ಅಂಗಡಿಯಿಂದ ಬಂದ ಉತ್ತರ ಮಾತ್ರ ಅದೇ: ದೋಷ ಇಲ್ಲ. ಈಗ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಕೊಂಡದ್ದು ಬೆಂಗಳೂರಿನಲ್ಲಾದರೂ ನಾನು ಇರುವ ಊರಿನಲ್ಲೇ ದೂರು ಕೊಡಬಹುದು, ವಕೀಲರು ಬೇಕಿಲ್ಲ, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಎರಡು ವರ್ಷ ಸಮಯವಿದೆ. ಆದರೆ ಬಿಲ್ಲು ಥರ್ಮಲ್ ಕಾಗದದ್ದು. ಪರ್ಸಿನಲ್ಲಿಟ್ಟು ನಾಲ್ಕು ತಿಂಗಳಿಗೇ ತಾರೀಖು ಮಾಸಿ, ಮೊತ್ತದಲ್ಲಿ ಕೊನೆಯ ಎರಡು 9 ಅಷ್ಟೇ ಕಾಣುತ್ತಿದೆ. ಪುಣ್ಯಕ್ಕೆ ಮಗಳು ಫೋಟೋ ತೆಗೆದಿಟ್ಟಿದ್ದಳು. ಎರಡು ವರ್ಷದ ಹಕ್ಕಿಗೆ ಎರಡು ವರ್ಷ ಬಾಳುವ ಬಿಲ್ಲು ಕೊಡಿ ಅಂತಲೂ ಆ ಸಭೆಯಲ್ಲಿ ಒಂದು ಮಾತು ಹೇಳಿಬಿಡಿ.

ಇಂತಿ,
ಮೈಸೂರಿನ ಒಬ್ಬ ಗ್ರಾಹಕಿ

ತಾ.ಕ.: ಅಂಗಡಿಯ ಹೆಸರು ಬೇಕೆಂದೇ ಬರೆದಿಲ್ಲ. ಟ್ರೆಡ್‌ಮಿಲ್ ಹತ್ತಿಸಿದ ಆ ಹುಡುಗ ನನ್ನ ಮಗಳಿಗಿಂತ ಚಿಕ್ಕವನು. ಅವತ್ತು ನನ್ನ ಲೇಸನ್ನು ಮಂಡಿಯೂರಿ ಅವನೇ ಕಟ್ಟಿದ್ದ. ನನ್ನ 8,999ಕ್ಕೆ ಅವನ ಕೆಲಸ ಹೋಗುವುದು ಬೇಡ.