ಫಾರ್ಮ್‌ವಿಲ್‌ಗೆ ಹೋಗಿ ಬಂದೆ

ಪ್ರೀತಿಯ ಸುರೇಶ,

ಹೋದ ಶನಿವಾರ ರಿಚ್ಮಂಡ್‌ನಿಂದ ಇದೇ ಅಮೆರಿಕದ ವರ್ಜೀನಿಯಾ ರಾಜ್ಯದ ಫಾರ್ಮ್‌ವಿಲ್ ಎಂಬ ಸಣ್ಣ ಊರಿಗೆ ಹೋಗಿದ್ದೆ. ಅಲ್ಲಿನ ಮೋಟನ್ ಹೈಸ್ಕೂಲಿನ ಹಳೇ ಕಟ್ಟಡ ಈಗ ಮ್ಯೂಸಿಯಂ. ನೀನು ಮೇಷ್ಟ್ರು, ನಿನಗೆ ಹೇಳದೆ ಇರೋಕಾಗಲಿಲ್ಲ.

ಕಪ್ಪು ಮಕ್ಕಳಿಗೆಂದು ಕಟ್ಟಿಸಿದ ಶಾಲೆ ಅದು. ಕಟ್ಟಿದ್ದು 180 ಮಕ್ಕಳಿಗೆ. 1951ರ ಹೊತ್ತಿಗೆ 450 ದಾಟಿತ್ತು. ಜಾಗ ಸಾಲದು ಅಂದರೆ ಡಾಂಬರು ಕಾಗದ ಹೊಡೆದ ಶೆಡ್ಡು ಹಾಕಿಸಿಕೊಟ್ಟರು. ಮಳೆ ಬಂದರೆ ಸೋರುತ್ತಿತ್ತು. ಚಳಿಗಾಲದಲ್ಲಿ ಒಲೆ ಪಕ್ಕ ಕೂತವರಿಗೆ ಸೆಕೆ, ದೂರ ಕೂತವರು ಕೋಟು ಬಿಚ್ಚುವಂತಿಲ್ಲ.

ಏಪ್ರಿಲ್ 23ರಂದು 16 ವರ್ಷದ ಬಾರ್ಬರಾ ಜಾನ್ಸ್ ಇಡೀ ಶಾಲೆಯನ್ನು ಹಾಲ್‌ಗೆ ಕರೆದು ಮುಷ್ಕರ ಹೂಡಿದಳು. ಹೆಡ್‌ಮಾಸ್ಟರ್ ಬಾಯ್ಡ್ ಜೋನ್ಸ್ ಅವರನ್ನು ಮೊದಲೇ ಒಂದು ಹುಸಿ ಫೋನ್ ಮಾಡಿ ಹೊರಗೆ ಕಳಿಸಿದ್ದರಂತೆ, ಕಿಲಾಡಿಗಳು! ಪಾಪ, ಆ ವರ್ಷವೇ ಅವರ ಕೆಲಸ ಹೋಯಿತು. ಇಂಥದ್ದರಲ್ಲಿ ಮೊದಲು ಸಿಕ್ಕಿಬೀಳುವವರು ಮೇಷ್ಟ್ರೇ, ಅಲ್ವಾ?

ಆ ಮುಷ್ಕರದಿಂದ ಹುಟ್ಟಿದ ಕೇಸು ಸುಪ್ರೀಂ ಕೋರ್ಟಿನಲ್ಲಿ ಬ್ರೌನ್ ಪ್ರಕರಣದ ಜೊತೆ ಸೇರಿ, 1954ರಲ್ಲಿ ಗೆದ್ದಿತು. ಬಣ್ಣ ನೋಡಿ ಶಾಲೆ ಬೇರೆ ಮಾಡಬಾರದು ಅಂತ ತೀರ್ಪು. ಇಷ್ಟು ನಾನೂ ಓದಿದ್ದೆ. ಮುಂದಿನದು ಗೊತ್ತಿರಲಿಲ್ಲ.

ವರ್ಜೀನಿಯಾದಲ್ಲಿ ಶಾಲಾ ಮಂಡಳಿಗೆ ತೆರಿಗೆ ಹಾಕುವ ಅಧಿಕಾರವಿಲ್ಲ. ದುಡ್ಡು ಕೊಡಬೇಕಾದವರು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಆಡಳಿತ ನಡೆಸುವ ಸೂಪರ್‌ವೈಸರುಗಳು. ಇನ್ನು ಒಟ್ಟಿಗೆ ಓದಿಸಲೇಬೇಕು ಎಂದು 1959ರಲ್ಲಿ ಕೋರ್ಟು ಪಟ್ಟು ಹಿಡಿದಾಗ, ಅವರು ಶಾಲೆಗೆ ಒಂದು ಡಾಲರೂ ಇಡದೆ ಬಜೆಟ್ ಮುಗಿಸಿದರು. ಫಾರ್ಮ್‌ವಿಲ್ ಇರುವ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಎಲ್ಲ ಸರ್ಕಾರಿ ಶಾಲೆಗೂ 5 ವರ್ಷ ಬೀಗ. ಗಲಾಟೆ ಇಲ್ಲ, ಗುಂಡು ಇಲ್ಲ. ಸುಮ್ನೆ ಒಂದು ಮೀಟಿಂಗು.

ಬಿಳಿಯರ ಮಕ್ಕಳಿಗೆ ಖಾಸಗಿ ಅಕಾಡೆಮಿ ಶುರುವಾಯಿತು. ಅದರ ಫೀಸಿಗೆ ರಾಜ್ಯದ ಹಣ ಬೇರೆ, ದೇಣಿಗೆ ಕೊಟ್ಟವರಿಗೆ ತೆರಿಗೆಯಲ್ಲಿ ವಿನಾಯಿತಿ ಬೇರೆ. ಶಾಲೆಗೆ ದುಡ್ಡಿಲ್ಲ ಅಂದವರ ಹತ್ತಿರ ಇದಕ್ಕೆ ಮಾತ್ರ ಇತ್ತು ನೋಡು. ಕಪ್ಪು ಮಕ್ಕಳಲ್ಲಿ ಕೆಲವರು ದೂರದ ನೆಂಟರ ಮನೆ ಸೇರಿದರು. ಕೆಲವರು ನಾರ್ತ್ ಕರೋಲಿನಾದ ಕಿಟ್ರೆಲ್ ಕಾಲೇಜಿಗೆ ಹೋದರು. ಉಳಿದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಅಷ್ಟಿಷ್ಟು ಪಾಠ, ಇಲ್ಲವೇ ಹೊಲದ ಕೆಲಸ. ಕಪ್ಪು ಟೀಚರುಗಳು ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಲ್ಲಿ ಕೆಲಸ ಹುಡುಕಿದರು. ಮನೆಗೆ ಕರೆದು ನಾಲ್ಕಕ್ಷರ ಹೇಳಿಕೊಡೋಣ ಅನ್ನುವವರೂ ಊರಲ್ಲಿ ಕಡಿಮೆಯಾದರು.

1963ರಲ್ಲಿ ದಾನಿಗಳ ದುಡ್ಡಿನಿಂದ ಒಂದು ವರ್ಷ ಉಚಿತ ಶಾಲೆ ನಡೆಯಿತು. 1959ರಲ್ಲಿ ಒಂದನೇ ಕ್ಲಾಸು ಸೇರಬೇಕಿದ್ದ ಮಗುವಿಗೆ ಆಗ 10 ವರ್ಷ. ಮಾರನೇ ವರ್ಷ ಸುಪ್ರೀಂ ಕೋರ್ಟು, ಬೇಕಾದರೆ ತೆರಿಗೆ ಹಾಕಿಸಿಯಾದರೂ ಶಾಲೆ ತೆರೆಸಬಹುದು ಎಂದಿತು. ಬೀಗ ತೆಗೆದರು. 2003ರಲ್ಲಿ ಆ ಮಕ್ಕಳನ್ನು ಕರೆದು ಹೈಸ್ಕೂಲು ಮುಗಿಸಿದ್ದಕ್ಕೆ ಕೊಡುವ ಡಿಪ್ಲೊಮಾವನ್ನು ಗೌರವಾರ್ಥ ಕೊಟ್ಟರಂತೆ. ಮಕ್ಕಳು ಅಂದೆ, ಎಷ್ಟೋ ಜನಕ್ಕೆ ಐವತ್ತು ದಾಟಿತ್ತು.

ಬಾರ್ಬರಾ ಮಾತಾಡಿದ ಹಾಲ್‌ನ ಫೋಟೊ ಕಳಿಸುತ್ತಿದ್ದೇನೆ. ನಿನ್ನ ಹತ್ತನೇ ಕ್ಲಾಸಿನವರಿಗೆ ತೋರಿಸು.

ನಿನ್ನ,
ರಾಘು