ಮರದ ನೆರಳಿನಲ್ಲಿ ಸೂರ್ಯಬಿಂಬಗಳು

ಮಾನ್ಯ ಸಂಪಾದಕರೇ,

ಮಧ್ಯಾಹ್ನ ಹೊಂಗೆಮರದ ಕೆಳಗೆ ಬಸ್ಸಿಗಾಗಿ ಕಾಯುವವರ ಅಂಗಿಯ ಮೇಲೂ ಟಾರು ರಸ್ತೆಯ ಮೇಲೂ ಬೀಳುವ ಬೆಳಕಿನ ಚುಕ್ಕೆಗಳನ್ನು ಗಮನಿಸಿದರೆ, ಎಲೆಗಳ ನಡುವಿನ ಸಂದುಗಳು ಎಷ್ಟೇ ಅಂಕುಡೊಂಕಾಗಿದ್ದರೂ ಚುಕ್ಕೆಗಳು ಬಹುಮಟ್ಟಿಗೆ ದುಂಡಗೇ ಇರುವುದು ಕಾಣುತ್ತದೆ. ಸಣ್ಣ ಸಂದು, ಮಸೂರವಿಲ್ಲದೆ ಬರೀ ಪುಟ್ಟ ತೂತಿನಿಂದಲೇ ಬಿಂಬ ಮೂಡಿಸುವ ಸೂಜಿರಂಧ್ರ ಕ್ಯಾಮೆರಾದಂತೆ ಕೆಲಸ ಮಾಡುವುದರಿಂದ ಅಂತಹ ಪ್ರತಿಯೊಂದು ಚುಕ್ಕೆಯೂ ಸೂರ್ಯನದೇ ಬಿಂಬ. ಗ್ರಹಣ ಹಿಡಿದಾಗ ಇವೇ ಚುಕ್ಕೆಗಳು ಕುಡುಗೋಲಿನ ಆಕಾರ ತಳೆಯುತ್ತವೆ. 2019ರ ಡಿಸೆಂಬರ್ 26ರಂದು ಕೊಡಗು, ಮಂಗಳೂರುಗಳಲ್ಲಿ ಕಂಡಂತಹ ಕಂಕಣ ಗ್ರಹಣವಾದರೆ ಬಳೆಗಳೇ ಆಗುತ್ತವೆ.

ಸೂರ್ಯನ ವ್ಯಾಸ ಚಂದ್ರನದಕ್ಕಿಂತ ಸುಮಾರು 400 ಪಟ್ಟು ದೊಡ್ಡದು, ನಮ್ಮಿಂದ ಅವನಿರುವ ದೂರವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಹೆಚ್ಚು. ಹಾಗಾಗಿಯೇ ಆಕಾಶದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರದವಾಗಿ ತೋರುತ್ತವೆ, ಗ್ರಹಣದಲ್ಲಿ ಚಂದ್ರ ಸೂರ್ಯನನ್ನು ಮರೆಮಾಡಬಲ್ಲ. ಇದು ಶುದ್ಧ ಕಾಕತಾಳೀಯ. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿರುವುದರಿಂದ ಶಾಶ್ವತವೂ ಅಲ್ಲ.

ಇಷ್ಟಾದರೂ ಗ್ರಹಣವೆಂದರೆ ಮಕ್ಕಳನ್ನು ಬಾಗಿಲು ಹಾಕಿ ಕೂರಿಸುವ ಮನೆಗಳು ಇನ್ನೂ ಇವೆ. 2027ರ ಆಗಸ್ಟ್ 2, ಸೋಮವಾರ, ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ. ಮಳೆಗಾಲದ ಮೋಡ ಬಿಡುವು ಕೊಟ್ಟರೆ (ಕರಾವಳಿಯಲ್ಲಿ ಅದು ಅನುಮಾನವೇ), ಶಿಕ್ಷಕರು ಮಕ್ಕಳನ್ನು ಆಟದ ಮೈದಾನದ ಮರದಡಿಗೆ ಕರೆದೊಯ್ದು, ಸೂರ್ಯನನ್ನು ನೇರವಾಗಿ ನೋಡಗೊಡದೆ, ನೆಲದ ಮೇಲಿನ ಚುಕ್ಕೆಗಳನ್ನು ತೋರಿಸಬೇಕೆಂದು ವಿನಂತಿ.

– ಓದುಗ, ಬೆಂಗಳೂರು