ಓಟ ಬಿಡುವ ಮೊದಲು ಹೆಜ್ಜೆ ಎಣಿಸಿ ನೋಡಿ

ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಓಟದ ಬಗ್ಗೆ ಬಂದ ಲೇಖನ ಓದಿದೆ. 40 ದಾಟಿದವರು ಓಡಬೇಡಿ, ಮಂಡಿ ಸವೆಯುತ್ತದೆ ಅನ್ನುವುದು ಅದರ ಒಟ್ಟು ಮಾತು. ಜೊತೆಗೊಂದು ಚಿತ್ರ. ಅದರಲ್ಲಿ ಓಡುತ್ತಿರುವವರು ಕಾಲನ್ನು ಮಾರುದ್ದ ಮುಂದಕ್ಕೆ ಚಾಚಿದ್ದಾರೆ, ಮಂಡಿ ಕೋಲಿನ ಹಾಗೆ ನೆಟ್ಟಗಿದೆ, ಹಿಮ್ಮಡಿ ಇನ್ನೇನು ನೆಲಕ್ಕೆ ಬಡಿಯಬೇಕು. ನನಗೆ ಲೇಖನಕ್ಕಿಂತ ಆ ಚಿತ್ರವೇ ಜಾಸ್ತಿ ಹೇಳಿತು. ಹಾಗೆ ಓಡಿದರೆ 20ರ ವಯಸ್ಸಿನಲ್ಲೂ ಮಂಡಿ ನೋಯಬಹುದು. ನಾನೂ ಹಾಗೇ ಓಡುತ್ತಿದ್ದೆ.

ಓಡಲು ಶುರು ಮಾಡಿದ ನಾಲ್ಕನೇ ತಿಂಗಳಿಗೆ ಮಂಡಿಚಿಪ್ಪಿನ ಸುತ್ತ ನೋವು ಬಂತು. ಓಡುವಾಗ ಅಷ್ಟಿಲ್ಲ. ಆಮೇಲೆ ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಲ್ಲಿ ಕೂತಾಗ, ಎರಡು ಗಂಟೆ ಕುರ್ಚಿಯಲ್ಲಿ ಕೂತು ಎದ್ದಾಗ. ಶೂ ಬದಲಿಸಿದೆ. ಮಂಡಿಗೆ ಪಟ್ಟಿ ಹಾಕಿದೆ. ಒಂದು ತಿಂಗಳು ಸುಮ್ನೆ ಕೂತೆ, ನೋವು ಹೋಯಿತು, ಮತ್ತೆ ಓಡಿದೆ, ಹದಿನೈದೇ ದಿನಕ್ಕೆ ವಾಪಸ್ ಬಂತು. ಕೊನೆಗೆ ಗೆಳೆಯನೊಬ್ಬ ಪಕ್ಕದಿಂದ ಫೋನಿನಲ್ಲಿ ವಿಡಿಯೊ ತೆಗೆದ. ನಿಧಾನ ಮಾಡಿ ನೋಡಿದರೆ ನನ್ನ ಪಾದ ಸೊಂಟಕ್ಕಿಂತ ಒಂದಡಿ ಮುಂದೆ ಬೀಳುತ್ತಿತ್ತು. ಪ್ರತಿ ಹೆಜ್ಜೆಗೂ ನಾನೇ ಬ್ರೇಕ್ ಹಾಕಿಕೊಳ್ಳುತ್ತಿದ್ದೆ.

ಓಡುವಾಗ ಒಂದೊಂದು ಹೆಜ್ಜೆಗೂ ಕಾಲಿನ ಮೇಲೆ ನಮ್ಮ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಅದನ್ನು ತಪ್ಪಿಸಲು ಆಗುವುದಿಲ್ಲ. ಆದರೆ ಆ ಭಾರವನ್ನು ಕಾಲಿನ ಯಾವ ಭಾಗ ಎಷ್ಟು ಹೊರುತ್ತದೆ ಅನ್ನುವುದು ಪಾದ ಎಲ್ಲಿ ಬೀಳುತ್ತದೆ ಅನ್ನುವುದರ ಮೇಲೆ ನಿಂತಿದೆ. ಪಾದ ತೀರಾ ಮುಂದೆ ಬಿದ್ದರೆ ದೇಹ ಅದರ ಮೇಲೆ ಹಾದುಹೋಗುವವರೆಗೂ ತೊಡೆಯ ಮುಂದಿನ ಸ್ನಾಯು ಬಿಗಿಹಿಡಿದು ನಿಲ್ಲಬೇಕು, ಅದು ಎಳೆದಷ್ಟೂ ಮಂಡಿಚಿಪ್ಪು ಹಿಂದಿನ ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ. ಮೆಟ್ಟಿಲು ಇಳಿಯುವಾಗ ನೋಯುವುದೂ ಇದೇ ಒತ್ತಡಕ್ಕೆ. ಪಾದ ಸೊಂಟದ ಹತ್ತಿರಕ್ಕೆ, ಮಂಡಿ ಸ್ವಲ್ಪ ಮಡಚಿ ಬಿದ್ದರೆ ಅಷ್ಟು ಒತ್ತುವುದಿಲ್ಲ.

ಇದಕ್ಕೆ ಪಾದವನ್ನೇ ನೋಡಿಕೊಂಡು ಓಡಬೇಕಿಲ್ಲ. ವೇಗ ಅಷ್ಟೇ ಇಟ್ಟುಕೊಂಡು ನಿಮಿಷಕ್ಕೆ ಹಾಕುವ ಹೆಜ್ಜೆ ಹೆಚ್ಚಿಸಿದರೆ ಸಾಕು, ಹೆಜ್ಜೆ ತಾನಾಗಿ ಗಿಡ್ಡವಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಜ್ಜೆಯ ಲೆಕ್ಕ ಶೇ 5ರಷ್ಟು ಏರಿಸಿದರೂ ಮಂಡಿ ತಾಳಿಕೊಳ್ಳಬೇಕಾದ ಹೊರೆ ಇಳಿದಿತ್ತು. ನನ್ನದು 156 ಇತ್ತು, 166ಕ್ಕೆ ತಂದೆ. ಮೊದಲ ಎರಡು ವಾರ ಇಲಿ ಓಡಿದ ಹಾಗೆ ಅನಿಸಿ ನನಗೇ ನಗು ಬರುತ್ತಿತ್ತು. ಏಳನೇ ವಾರದ ಹೊತ್ತಿಗೆ ಮೆಟ್ಟಿಲು ಇಳಿಯುವಾಗ ಕೈ ಕಂಬಿ ಹುಡುಕುವುದು ನಿಂತಿತ್ತು.

180 ಹೆಜ್ಜೆ ಹಾಕಲೇಬೇಕು ಅಂತ ಕೆಲವರು ಹೇಳುತ್ತಾರಲ್ಲ, ಆ ಸಂಖ್ಯೆ ಬಂದದ್ದು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಿಂದ. ಜ್ಯಾಕ್ ಡೇನಿಯಲ್ಸ್ ಅನ್ನುವ ಕೋಚ್ ಅಲ್ಲಿ ಓಟಗಾರರ ಹೆಜ್ಜೆ ಎಣಿಸಿದರು, ಹೆಚ್ಚು ಕಡಿಮೆ ಎಲ್ಲರದೂ 180ರ ಮೇಲಿತ್ತು. ಅವರು ಓಡುತ್ತಿದ್ದದ್ದು ಒಲಿಂಪಿಕ್ಸ್ ವೇಗದಲ್ಲಿ, ನಾವು ಹಾಲು ತರಲು ಹೋದ ಹಾಗೆ ಓಡುವವರು. ನಿಮ್ಮ ಈಗಿನ ಲೆಕ್ಕಕ್ಕೆ ಶೇ 5 ಸೇರಿಸಿ, ಅಷ್ಟೇ.

ಇನ್ನು ಶೂ ಬಿಟ್ಟು, ಹಿಮ್ಮಡಿಯ ಬದಲು ಮುಂಗಾಲು, ಅಂದರೆ ಪಾದದ ಮುಂಭಾಗ, ಊರಿ ಓಡಿ ಅನ್ನುವವರು. ಇಥಿಯೋಪಿಯಾದ ಓಟಗಾರ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲೇ ಗೆದ್ದರು, ನಿಜ. ಮುಂಗಾಲು ಮೊದಲು ಊರಿದರೆ ಮಂಡಿಯ ಹೊರೆ ಇಳಿಯುವುದೂ ನಿಜ. ಆದರೆ ಅದು ಹೋಗಿ ಮೀನಖಂಡದ ಮೇಲೆ, ಹಿಮ್ಮಡಿಯ ಹಿಂದಿನ ದಪ್ಪ ನಾರಿನ ಮೇಲೆ ಕೂರುತ್ತದೆ. ಒಬ್ಬರ ಸಾಲ ತೀರಿಸಲು ಇನ್ನೊಬ್ಬರ ಹತ್ತಿರ ಸಾಲ ಮಾಡಿದ ಹಾಗಲ್ವಾ ಇದು?

ನನ್ನ ವಾದಕ್ಕೆ ಅಡ್ಡ ಬರುವ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಕೆನಡಾದಲ್ಲಿ ಮಂಡಿಚಿಪ್ಪಿನ ನೋವಿದ್ದ 69 ಓಟಗಾರರನ್ನು ಮೂರು ಗುಂಪು ಮಾಡಿದರು. ನೋವು ನೋಡಿಕೊಂಡು ಎಷ್ಟು ಓಡಬೇಕು ಅನ್ನುವ ತಿಳಿವಳಿಕೆ ಎಲ್ಲರಿಗೂ ಕೊಟ್ಟರು. ಒಂದು ಗುಂಪಿಗೆ ಅದಷ್ಟೇ, ಇನ್ನೊಂದಕ್ಕೆ ಜೊತೆಗೆ ವ್ಯಾಯಾಮ, ಮತ್ತೊಂದಕ್ಕೆ ಓಡುವ ರೀತಿಯ ತಿದ್ದುಪಡಿ. ಎಂಟು ವಾರಕ್ಕೆ ಮೂರೂ ಗುಂಪಿನವರು ಹೆಚ್ಚು ಕಡಿಮೆ ಒಂದೇ ಥರ ಸುಧಾರಿಸಿದ್ದರು. ನನ್ನ ಕಥೆಯಲ್ಲೂ ಅಷ್ಟೇ, ನೋವು ಶುರುವಾದ ತಿಂಗಳಲ್ಲಿ ವಾರಕ್ಕೆ 15 ಕಿ.ಮೀ. ಓಡುತ್ತಿದ್ದವನು ಏಕಾಏಕಿ 30ಕ್ಕೆ ಹಾರಿದ್ದೆ. ಹೆಜ್ಜೆ ತಿದ್ದುವಾಗ ದೂರವನ್ನೂ ಇಳಿಸಿದ್ದೆ. ಯಾವುದರಿಂದ ಎಷ್ಟು ಗುಣವಾಯಿತು ಅಂತ ಬಿಡಿಸಿ ಹೇಳಲು ನನ್ನಿಂದ ಆಗದು.

ಸವೆತದ ವಿಷಯ ಮಾತ್ರ ಲೇಖಕರು ಇನ್ನೊಮ್ಮೆ ನೋಡಬೇಕು. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ಲೆಕ್ಕ ಹಾಕಿದಾಗ ಮಂಡಿ, ಸೊಂಟದ ಸವೆತ ಕಂಡದ್ದು ಹವ್ಯಾಸಕ್ಕೆ ಓಡುವವರಲ್ಲಿ ಶೇ 3.5, ಓಡದವರಲ್ಲಿ ಶೇ 10.2. ಸ್ಪರ್ಧೆಗಾಗಿ ಓಡುವವರಲ್ಲಿ ಶೇ 13.3 ಇತ್ತು, ಅದನ್ನೂ ಮುಚ್ಚಿಡುವುದಿಲ್ಲ. ಮಂಡಿ ಗಟ್ಟಿ ಇರುವವರೇ ಓಡಲು ಬರುತ್ತಾರೆ ಅಂತ ಯಾರಾದರೂ ಕೇಳಿದರೆ ಅದೂ ಸರಿಯಾದ ಪ್ರಶ್ನೆಯೇ. ಆದರೂ ಓಡಿದರೆ ಸವೆದೇ ಸವೆಯುತ್ತದೆ ಅಂತ ಹೇಳಲು ಈ ಲೆಕ್ಕದಲ್ಲಿ ಆಧಾರವಿಲ್ಲ.

ಮಂಡಿ ಊದಿಕೊಂಡಿದ್ದರೆ, ನಡುವೆ ಸಿಕ್ಕಿಹಾಕಿಕೊಂಡ ಹಾಗೆ ಆದರೆ, ನಿಂತಲ್ಲೇ ಕುಸಿದರೆ ಹೆಜ್ಜೆ ಎಣಿಸುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಲೇಖನ ಹಿಂತೆಗೆದುಕೊಳ್ಳಿ ಅಂತ ನಾನು ಕೇಳುತ್ತಿಲ್ಲ. ಮುಂದಿನ ಸಲ ಓಟದ ಬಗ್ಗೆ ಹಾಕುವಾಗ ಆ ಚಿತ್ರವನ್ನು ಮಾತ್ರ ಬಳಸಬೇಡಿ.

ಇತಿ,
ನಿಮ್ಮ ಓದುಗ